ಗೋಡೆಯ ಲೆಕ್ಕ, ಬಣ್ಣದ ಲೆಕ್ಕ
(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಳೆಗಾಲ ಮುಗಿಯುತ್ತಾ ಬಂತೆಂದರೆ ಮುಂಬಯಿಯ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ: ದೀಪಾವಳಿಯೊಳಗೆ ಬಣ್ಣ ಬಳಿಸಬೇಕು. ಪೇಂಟರ್ ಬರುತ್ತಾನೆ, ಬಾಗಿಲಲ್ಲೇ ನಿಂತು ಒಳಗೆ ಕಣ್ಣು ಹಾಯಿಸುತ್ತಾನೆ, "ಇಪ್ಪತ್ತು ಲೀಟರ್ ಬೇಕು ಭಾಭಿ" ಎನ್ನುತ್ತಾನೆ. ಹೌದೋ ಅಲ್ಲವೋ ಹೇಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ತಲೆಯಾಡಿಸುತ್ತೇವೆ. ಯಾವ ಬಣ್ಣ ಎಂದು ಆರಿಸುವುದು ಹೆಂಗಸರ ಕೆಲಸ, ಎಷ್ಟು ಬಣ್ಣ ಎಂಬುದು ಬೇರೆಯವರ ಕೆಲಸ ಎಂಬಂತಾಗಿದೆ. ಇಂದು ನಾನು ಮಾತಾಡುವುದು ಆ 'ಎಷ್ಟು' ಎಂಬುದರ ಬಗ್ಗೆ ಮಾತ್ರ. ಅದಕ್ಕೆ ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ ಸಾಕು.

ಪೇಂಟಿಗೂ ಮುಂಬಯಿಗೂ ಹಳೆಯ ನಂಟು. 1942ರಲ್ಲಿ ನಾಲ್ವರು ಗೆಳೆಯರು ಸೇರಿ ಏಷ್ಯನ್ ಪೇಂಟ್ಸ್ ಆರಂಭಿಸಿದ್ದು ನಮ್ಮ ಗಿರ್ಗಾಂವಿನ ಒಂದು ಗ್ಯಾರೇಜಿನಲ್ಲಿ. ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗ 'ಗಟ್ಟು'ವನ್ನು ಆ ಕಂಪನಿಗಾಗಿ ಬರೆದವರು ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಆರ್.ಕೆ. ಲಕ್ಷ್ಮಣ್. ಹೀಗೆ ಪೇಂಟಿನ ಡಬ್ಬ ನಮಗೆಲ್ಲ ಪರಿಚಿತ. ಆದರೆ ಅದರ ಮೇಲೆ ಬರೆದದ್ದನ್ನು ನಾವು ಓದುವುದಿಲ್ಲ. ಲೆಕ್ಕದ ಅರ್ಧ ಉತ್ತರ ಅಲ್ಲೇ ಇರುತ್ತದೆ. ಉಳಿದರ್ಧ ನಮ್ಮ ಗೋಡೆಯಲ್ಲಿ.

ಮೊದಲು ಗೋಡೆ ನೋಡೋಣ. "ಮನೆ ಎಷ್ಟು ದೊಡ್ಡದು?" ಎಂದರೆ ಮುಂಬಯಿಯವರು ಕಾರ್ಪೆಟ್ ಏರಿಯಾ ಹೇಳುತ್ತೇವೆ. ಕಾರ್ಪೆಟ್ ಏರಿಯಾವನ್ನು ಮೂರೂವರೆಯಿಂದ ಗುಣಿಸಿದರೆ ಗೋಡೆ, ಸೀಲಿಂಗ್ ಎರಡರ ಅಳತೆಯೂ ಬರುತ್ತದೆ ಎಂಬ ಬಾಯಿಲೆಕ್ಕವೂ ಇದೆ. ಆದರೆ ಕಾರ್ಪೆಟ್ ಏರಿಯಾ ನೆಲದ ಅಳತೆ, ಬಣ್ಣ ಬೀಳುವುದು ಗೋಡೆಗೆ. 20 ಅಡಿ ಉದ್ದ, 20 ಅಡಿ ಅಗಲದ ಒಂದೇ ದೊಡ್ಡ ಹಾಲ್ ಇದೆ, ಎತ್ತರ 9 ಅಡಿ ಎಂದುಕೊಳ್ಳಿ. ನೆಲ 400 ಚದರ ಅಡಿ, ಗೋಡೆ 720. ಅಷ್ಟೇ ಜಾಗವನ್ನು 10 ಅಡಿಗೆ 10 ಅಡಿಯ ನಾಲ್ಕು ಕೋಣೆ ಮಾಡಿದರೆ ನೆಲ ಅದೇ 400, ಗೋಡೆ ಮಾತ್ರ 1,440. ಸರಿಯಾಗಿ ಎರಡರಷ್ಟು! ಅಡ್ಡಗೋಡೆಗೆ ಎರಡೂ ಬದಿಯಲ್ಲಿ ಬಣ್ಣ ಬೇಕಲ್ಲ. ಕೋಣೆ ಚಿಕ್ಕದಾದಷ್ಟೂ ನೆಲಕ್ಕೆ ಹೋಲಿಸಿದರೆ ಗೋಡೆ ಜಾಸ್ತಿ. ಹಳೆಯ ಕಟ್ಟಡಗಳ ಎತ್ತರದ ಸೀಲಿಂಗ್ ಇದ್ದರೆ ಇನ್ನೂ ಜಾಸ್ತಿ. ಮೊಬೈಲಿನ ಕ್ಯಾಲ್ಕುಲೇಟರ್ ನಿಮ್ಮಿಂದ ಬರೀ ಕಾರ್ಪೆಟ್ ಏರಿಯಾ ಕೇಳಿ ಉತ್ತರ ಕೊಟ್ಟರೆ ಅದೂ ಅಂದಾಜೇ. ಆದ್ದರಿಂದ ಟೇಪು ಹಿಡಿಯಲೇಬೇಕು.

ಒಂದು ಬೆಡ್‌ರೂಮ್ ತೆಗೆದುಕೊಳ್ಳೋಣ: 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರ. ನಾಲ್ಕೂ ಗೋಡೆಗಳ ಉದ್ದ ಕೂಡಿಸಿದರೆ 44 ಅಡಿ. ಎತ್ತರದಿಂದ ಗುಣಿಸಿದರೆ 396 ಚದರ ಅಡಿ. ಬಾಗಿಲು 3 ಅಡಿಗೆ 7 ಅಡಿ, ಅಂದರೆ 21. ಕಿಟಕಿ 5 ಅಡಿಗೆ 4 ಅಡಿ, ಅಂದರೆ 20. ಎರಡನ್ನೂ ಕಳೆದರೆ ಉಳಿದದ್ದು 355. ಸೀಲಿಂಗ್ 120 ಚದರ ಅಡಿ; ಅದಕ್ಕೆ ಸಾಮಾನ್ಯವಾಗಿ ಬೇರೆ ಬಿಳಿ ಬಣ್ಣ ಇರುವುದರಿಂದ ಬೇರೆಯೇ ಬರೆದುಕೊಳ್ಳಿ. ಅಡುಗೆಮನೆಯಲ್ಲಿ ಟೈಲ್ಸ್ ಇರುವಷ್ಟು ಜಾಗ, ಗೋಡೆಗೇ ಹೊಂದಿಸಿದ ಕಪಾಟಿನ ಹಿಂದಿನ ಜಾಗ ಕಳೆಯಿರಿ.

ಈಗ ಡಬ್ಬ. ಒಂದು ಲೀಟರ್ ಎಷ್ಟು ಚದರ ಅಡಿಗೆ ಬರುತ್ತದೆ ಎಂದು ಕಂಪನಿಯವರು ತಿಳಿಸಿರುತ್ತಾರೆ. ಅದು ಒಂದು ಕೋಟಿಗೋ ಎರಡು ಕೋಟಿಗೋ ಎಂಬುದನ್ನು ಅಂಗಡಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ; ಇಲ್ಲಿ ತಪ್ಪಿದರೆ ಲೆಕ್ಕ ಅರ್ಧವಾಗುತ್ತದೆ, ಇಲ್ಲವೇ ದುಪ್ಪಟ್ಟಾಗುತ್ತದೆ. ಉದಾಹರಣೆಗೆ, ಎರಡು ಕೋಟಿಗೆ ಲೀಟರಿಗೆ 120 ಚದರ ಅಡಿ ಎಂದಿಟ್ಟುಕೊಳ್ಳಿ. 355ನ್ನು 120ರಿಂದ ಭಾಗಿಸಿದರೆ ಸುಮಾರು 3 ಲೀಟರ್. ಚೆಲ್ಲುವುದಕ್ಕೆ, ರೋಲರ್ ಹೀರುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 3.3. ಡಬ್ಬ ಸಿಗುವುದು ಸಾಮಾನ್ಯವಾಗಿ 1, 4, 10, 20 ಲೀಟರಿನಲ್ಲಿ. 4 ಲೀಟರಿನ ಒಂದು ಡಬ್ಬ ತಂದರೆ ಮುಂದೆ ಮೊಳೆ ಹೊಡೆದ ಕಲೆ ಮುಚ್ಚುವುದಕ್ಕೂ ಸ್ವಲ್ಪ ಉಳಿಯುತ್ತದೆ.

ಹೀಗೇ ಒಂದು ಚಿಕ್ಕ ಒನ್ ಬಿಎಚ್‌ಕೆಯ ಕೋಣೆಗಳನ್ನೆಲ್ಲ ಅಳೆದು ಬಣ್ಣ ಬಳಿಯುವ ಗೋಡೆ 900 ಚದರ ಅಡಿ ಬಂತೆನ್ನಿ. ಏಳೂವರೆ ಲೀಟರ್, ಹತ್ತು ಶೇಕಡಾ ಸೇರಿಸಿ ಎಂಟೂಕಾಲು. 10 ಲೀಟರಿನ ಒಂದು ಡಬ್ಬ ಸಾಕು. ಸೀಲಿಂಗಿಗೆ ಇನ್ನೊಂದು 4 ಲೀಟರ್. ಬಾಗಿಲಲ್ಲಿ ಕೇಳಿದ 'ಇಪ್ಪತ್ತು' ಎಲ್ಲಿ ಹೋಯಿತು? ಪೇಂಟರ್ ಮೋಸಗಾರ ಎಂದು ನಾನು ಹೇಳುತ್ತಿಲ್ಲ. ಕೆಲಸದ ಮಧ್ಯೆ ಬಣ್ಣ ಮುಗಿದರೆ ಅವನ ದಿನ ಹಾಳು, ಅದಕ್ಕೆ ಅವನು ಕೈಬಿಟ್ಟು ಹೇಳುತ್ತಾನೆ. ಆದರೆ ದುಡ್ಡು ನಮ್ಮದಲ್ಲವೇ?

ಕೆಲವೆಡೆ ಬಣ್ಣ ನಿಜವಾಗಿಯೂ ಹೆಚ್ಚು ಬೇಕಾಗುತ್ತದೆ. ಗಾಢ ಬಣ್ಣದ ಗೋಡೆಯನ್ನು ತಿಳಿ ಬಣ್ಣಕ್ಕೆ ತರುವಾಗ ಮೂರನೇ ಕೋಟು ಬೇಕಾಗಬಹುದು. ಹೊಸದಾಗಿ ಪುಟ್ಟಿ ಹಚ್ಚಿದ ಜಾಗ ಬಣ್ಣ ಕುಡಿಯುತ್ತದೆ, ಅದಕ್ಕೆ ಮೊದಲು ಪ್ರೈಮರ್ ಇರಲಿ. ಬಾಗಿಲಿನ ಆಯಿಲ್ ಪೇಂಟಿನ ಲೆಕ್ಕ ಬೇರೆ: ಬಾಗಿಲಿಗೆ ಎರಡು ಮುಖ, ಜೊತೆಗೆ ಚೌಕಟ್ಟು. ನೀರು ಜಾಸ್ತಿ ಬೆರೆಸಿದರೆ ಒಂದು ಡಬ್ಬ ಇಡೀ ಮನೆಗೆ ಬಂದೀತು, ಆದರೆ ಹಳೆಯ ಕಲೆ ಇಣುಕುತ್ತದೆ. ಎಷ್ಟು ನೀರು ಬೆರೆಸಬೇಕೆಂಬುದೂ ಡಬ್ಬದ ಮೇಲಿರುತ್ತದೆ.

ಇನ್ನು ನಮ್ಮ ಊರಿನ ದೊಡ್ಡ ಕಷ್ಟ, ತೇವ. ಮೇಲಿನ ಮನೆಯ ಬಾತ್‌ರೂಮಿನಿಂದಲೋ ಹೊರಗೋಡೆಯ ಬಿರುಕಿನಿಂದಲೋ ನೀರು ಬರುತ್ತಿದ್ದರೆ ಎಷ್ಟು ಲೀಟರ್ ಬಳಿದರೂ ಮುಂದಿನ ಮಳೆಗೆ ಉಬ್ಬಿ ಉದುರುತ್ತದೆ. ಅನುಮಾನವಿದ್ದಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ. ಮೊದಲು ಸೊಸೈಟಿಗೆ ಬರೆದುಕೊಡಿ, ಸೋರಿಕೆ ನಿಲ್ಲಿಸಿ, ಗೋಡೆ ಒಣಗಲಿ, ಆಮೇಲೆ ಬಣ್ಣ. ಹಬ್ಬ ತಪ್ಪಿದರೂ ಪರವಾಗಿಲ್ಲ.

ಕೊನೆಯದಾಗಿ, ಮಾತು ಮುಗಿಸುವ ಮೊದಲು ಪೇಂಟರ್ ಬಳಿ ನಾಲ್ಕು ವಿಷಯ ಕೇಳಿ: ದರ ನೆಲದ ಮೇಲೋ ಗೋಡೆಯ ಮೇಲೋ? ಬಾಗಿಲು-ಕಿಟಕಿ ಕಳೆದಿದ್ದೀರೋ ಇಲ್ಲವೋ? ಎಷ್ಟು ಕೋಟು? ಪುಟ್ಟಿ, ಪ್ರೈಮರ್ ಸೇರಿದೆಯೋ ಇಲ್ಲವೋ? ಡಬ್ಬದ ಸೀಲ್ ನಿಮ್ಮೆದುರೇ ತೆರೆಯಲಿ. ಶೇಡ್ ನಂಬರ್ ಬರೆದಿಟ್ಟುಕೊಳ್ಳಿ.

ಕೋಣೆಗೊಂದು ಸಾಲಿನಂತೆ ಒಂದು ಹಾಳೆಯಲ್ಲಿ ಅಳತೆ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಗೋಡೆ ಬೆಳೆಯುವುದಿಲ್ಲ, ಒಮ್ಮೆ ಅಳೆದರೆ ಆ ಮನೆಯಲ್ಲಿರುವಷ್ಟು ಕಾಲವೂ ನಡೆಯುತ್ತದೆ. ಮಗಳು ಟೇಪಿನ ತುದಿ ಹಿಡಿಯಲಿ, ಮಗ ಗುಣಾಕಾರ ಮಾಡಲಿ. ಮುಂದಿನ ಸಲ ಯಾರಾದರೂ ಬಾಗಿಲಲ್ಲಿ ನಿಂತು ಅಂದಾಜು ಹೇಳಿದಾಗ ಆ ಹಾಳೆ ನಿಮ್ಮ ಕೈಯಲ್ಲಿರಲಿ.