ಹಾಡೊಂದು ಪ್ರಶ್ನೆಯಾಗಿ

ತೊಟ್ಟಿಲ ಕೂಸು ತಾಯಿಯ ದನಿ ಕೇಳಿದೊಡನೆ ಕೈಕಾಲಾಡಿಸುವುದನ್ನು ಬಿಟ್ಟು ಕ್ಷಣಕಾಲ ಸುಮ್ಮನಾಗುವುದನ್ನು ತಾವೆಲ್ಲ ಕಂಡಿರಬೇಕು. ಆ ಸುಮ್ಮನಾಗುವಿಕೆಯೇ ಒಂದು ಉತ್ತರ. ಅಷ್ಟೇ ಉತ್ತರವನ್ನು ಕೊಡಬಲ್ಲ, ಅದಕ್ಕಿಂತ ಹೆಚ್ಚಿನದನ್ನು ಕೊಡಲಾರದ ಮಕ್ಕಳ ಸಂಗತಿಯನ್ನು ಇಂದು ಹೇಳಬೇಕೆಂದಿದ್ದೇನೆ.

ಮಿದುಳಿಗೆ ಪೆಟ್ಟು ಬಿದ್ದೋ ಪ್ರಾಣವಾಯು ತಪ್ಪಿಯೋ ಎಚ್ಚರ ಕಳೆದುಕೊಂಡ ಮಗು ಕೆಲವು ವಾರಗಳ ತರುವಾಯ ಕಣ್ಣು ತೆರೆಯಬಹುದು. ಆದರೆ ತೆರೆದ ಕಣ್ಣಿನ ಹಿಂದೆ ಅರಿವಿದೆಯೆ? ವೈದ್ಯರು ‘ಕೈ ಎತ್ತು’ ಎನ್ನುತ್ತಾರೆ. ಕಣ್ಣೆದುರು ಕನ್ನಡಿ ಆಡಿಸುತ್ತಾರೆ. ಮೈ ಸೆಟೆದವರು, ದೃಷ್ಟಿ ಹೋದವರು ಇದಕ್ಕೆ ಹೇಗೆ ಉತ್ತರಿಸಿಯಾರು? ಅರಿವಿಲ್ಲದವರೆಂಬ ಹಣೆಪಟ್ಟಿ ಹೊತ್ತು ಲಂಡನ್ನಿನ ಪಟ್ನಿಯ ಆಸ್ಪತ್ರೆಗೆ ಬಂದಿದ್ದ 40 ಮಂದಿಯಲ್ಲಿ 17 ಮಂದಿಗೆ ಅರಿವಿತ್ತೆಂದು 1996ರಲ್ಲಿ ಅಲ್ಲಿಯ ವೈದ್ಯರು ಪ್ರಕಟಿಸಿದರು. ಆ ಹದಿನೇಳರಲ್ಲಿ ಹೆಚ್ಚಿನವರಿಗೆ ಕಣ್ಣು ಕಾಣುತ್ತಿರಲಿಲ್ಲ, ಇಲ್ಲವೆ ತೀರ ಮಂದವಾಗಿತ್ತು. ಕಣ್ಣು ಸೋತಲ್ಲಿ ಕಿವಿಯ ಬಾಗಿಲನ್ನು ತಟ್ಟಬೇಕಲ್ಲವೆ?

ಸಂಗೀತ ಚಿಕಿತ್ಸಕಿ ವೆಂಡಿ ಮೆಗೀ ಮತ್ತು ಸಂಗಡಿಗರು ರೂಪಿಸಿದ ‘ಮ್ಯಾಟಡಾಕ್’ ಎಂಬ ಪರೀಕ್ಷಾಕ್ರಮ ಹೀಗೆ ತಟ್ಟುವುದೇ ಆಗಿದೆ. ವಯಸ್ಕರಿಗಾಗಿ ಹುಟ್ಟಿದ ಇದನ್ನು ಮಕ್ಕಳಿಗೆ ಬಳಸಬಹುದೇ ಎಂಬ ಶೋಧನೆ 2015ರಲ್ಲಿ ಪ್ರಕಟವಾಯಿತು. ಸುಮಾರು ಹತ್ತು ದಿನಗಳೊಳಗೆ ನಾಲ್ಕು ಭೇಟಿ. ಮೊದಲು ಏನನ್ನೂ ನುಡಿಸದೆ ಮಗುವನ್ನು ನೋಡುತ್ತ ಕೂರುವುದು. ಮೌನದಲ್ಲಿ ಅದು ಹೇಗಿರುತ್ತದೆಂದು ತಿಳಿಯದೆ ನಾದದಲ್ಲಿ ಬದಲಾಯಿತೆಂದು ಹೇಳುವುದು ಹೇಗೆ? ಅನಂತರ ಬಿಡಿ ಸ್ವರಗಳು, ಮಗುವಿಗೆ ಪರಿಚಿತವಾದ ಹಾಡು. ರೆಪ್ಪೆ ಅಲುಗಿತೆ, ತಲೆ ದನಿಯ ಕಡೆ ಹೊರಳಿತೆ, ಉಸಿರು ಬದಲಾಯಿತೆ? ಒಮ್ಮೆ ಬೆಚ್ಚಿದರೆ ಅದು ಬರಿಯ ನರಗಳ ಪ್ರತಿಕ್ರಿಯೆಯಾಗಿರಬಹುದು. ಮತ್ತೆ ಮತ್ತೆ ಕಂಡುಬಂದರೆ ಮಾತ್ರ ಅದಕ್ಕೆ ತೂಕ.

ಧ್ವನಿಮುದ್ರಿಕೆಗಿಂತ ಎದುರು ಕುಳಿತು ಹಾಡುವುದೇ ಲೇಸೆಂದು ನನ್ನ ಎಣಿಕೆ. ಯಂತ್ರ ಮಗುವಿಗಾಗಿ ಕಾಯಲಾರದು. ಎಚ್ಚರ ತಪ್ಪಿದವರ ಉಸಿರಿನ ಲಯಕ್ಕೇ ತಮ್ಮ ಹಾಡನ್ನು ಹೊಂದಿಸಿದ ಚಿಕಿತ್ಸಕರ ಅನುಭವ ಜರ್ಮನಿಯಿಂದ 1990ರಲ್ಲಿಯೇ ಬಂದಿದೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಮಾತನ್ನೇ ಇನ್ನೂ ಕಲಿಯದಿದ್ದ ಕೂಸು ಆಜ್ಞೆ ಪಾಲಿಸಲಿಲ್ಲವೆಂದರೆ ಅದರಿಂದ ಏನು ಸಿದ್ಧವಾಯಿತು? ಆದಕಾರಣ ಪೆಟ್ಟು ಬೀಳುವ ಮುನ್ನ ಮಗು ಏನನ್ನು ಬಲ್ಲುದಾಗಿತ್ತು, ಯಾವ ಹಾಡಿಗೆ ನಗುತ್ತಿತ್ತು ಎಂದು ತಾಯಿಯನ್ನೇ ಕೇಳಬೇಕು. ತಾಯಿಯ ಆಸೆ ಇಲ್ಲದುದನ್ನೂ ಕಂಡೀತು, ನಿಜ. ಆದರೆ ದಣಿದ ಪರೀಕ್ಷಕನ ಕಣ್ಣಿಗೆ ಇದ್ದುದೂ ಕಾಣದೆ ಹೋದೀತು. ಆಗ ಮಗುವಿಗೆ ದೊರೆಯಬೇಕಾದ ಆರೈಕೆಯೇ ತಪ್ಪುತ್ತದೆ.

ಸಂಗೀತ ಗುಣಪಡಿಸುವುದೆಂಬುದು ಬೇರೆ ಮಾತು. ಇಲ್ಲಿ ಹಾಡು ಬರಿಯ ಪ್ರಶ್ನೆ. ಹಾಡಿದವರು ನಿಲ್ಲಿಸಿ, ಮಗುವಿನ ಎದೆಯ ಏರಿಳಿತವನ್ನು ನೋಡುತ್ತಾರೆ. ಕಂಡುದನ್ನಷ್ಟೇ ಬರೆದುಕೊಂಡು, ನಾಳಿದ್ದು ಮತ್ತೆ ಬಂದು ಅದೇ ಹಾಡನ್ನು ಎತ್ತಿಕೊಳ್ಳುತ್ತಾರೆ.