ಜಗಳವಾಡುತ್ತಲೇ ಒಂದಾದವರು

(ಕನ್ನಡ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವೇದಿಕೆಗಳಲ್ಲಿ ಒಂದು ಮಾತು ಕೇಳಿ ಕೇಳಿ ಸವೆದುಹೋಗಿದೆ. "ಯಹೂದಿಗಳ ಒಗ್ಗಟ್ಟು ನೋಡಿ ಕಲಿಯಿರಿ!" ಆಗಲಿ, ನೋಡೋಣ. ಆದರೆ ಪೂರ್ತಿ ನೋಡೋಣ.

ಅವರೇನು ಒಂದೇ ಮನಸ್ಸಿನ ಜನವೇ? ಖಂಡಿತ ಅಲ್ಲ! ನೂರೈವತ್ತು ವರ್ಷಗಳ ಹಿಂದೆ ಪೂರ್ವ ಯುರೋಪಿನ ಯಹೂದಿಯ ಮನೆಮಾತು ಯಿಡ್ಡಿಷ್. ತುರ್ಕಿಯವನದು ಲಡೀನೋ. ಬಾಗ್ದಾದಿನವನದು ಅರಬ್ಬಿ. ಹೀಬ್ರೂ ಇತ್ತು, ಆದರೆ ಪ್ರಾರ್ಥನೆಯಲ್ಲಿ, ಗ್ರಂಥಗಳಲ್ಲಿ, ಪಂಡಿತರ ಪತ್ರಗಳಲ್ಲಿ. ಸುಮಾರು 1,700 ವರ್ಷ ಅದು ಯಾರ ಮನೆಮಾತೂ ಆಗಿರಲಿಲ್ಲ.

1881ರಲ್ಲಿ ಎಲಿಯೇಜರ್ ಬೆನ್-ಯೆಹೂದಾ ಎಂಬ ಯುವಕ ಜೆರುಸಲೇಮಿಗೆ ಬಂದ. ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತು ಬೇಡವೆಂದ. 1882ರಲ್ಲಿ ಹುಟ್ಟಿದ ಮಗ ಹೀಬ್ರೂವನ್ನೇ ತಾಯ್ನುಡಿಯಾಗಿ ಕಲಿತು ಬೆಳೆದ. ತಂದೆ ಪತ್ರಿಕೆ ನಡೆಸಿದ, ನಿಘಂಟು ಕಟ್ಟಿದ. ಟವೆಲ್ಲಿಗೆ, ಐಸ್‌ಕ್ರೀಮಿಗೆ, ನಿಘಂಟು ಎಂಬ ಮಾತಿಗೇ ಹೊಸ ಪದ ಹುಟ್ಟಿಸಿದ. ಅವನನ್ನು ವಿರೋಧಿಸಿದವರು ಯಾರು? ಹೊರಗಿನವರಲ್ಲ, ಸ್ವಂತ ಜನ! "ದೇವರ ಭಾಷೆಯಲ್ಲಿ ಸಂತೆ ವ್ಯಾಪಾರವೇ?" ಎಂದು ಸಂಪ್ರದಾಯಸ್ಥರು ಬಹಿಷ್ಕಾರ ಹಾಕಿದರು. ಅವರ ದೂರಿನಿಂದಲೇ ತುರ್ಕಿ ಸರ್ಕಾರ ಅವನನ್ನು ಜೈಲಿಗೆ ಹಾಕಿತು.

ಇನ್ನು 1913. ಹೈಫಾ ನಗರದಲ್ಲಿ ತಾಂತ್ರಿಕ ಕಾಲೇಜು ಏಳುತ್ತಿತ್ತು. ಅದರ ಹಿಂದಿದ್ದ ಜರ್ಮನಿಯ ಯಹೂದಿ ಸಂಸ್ಥೆ ಹೇಳಿತು: "ವಿಜ್ಞಾನ ಜರ್ಮನ್ ಭಾಷೆಯಲ್ಲೇ ಇರಲಿ, ಹೀಬ್ರೂನಲ್ಲಿ ಪದಗಳಿಲ್ಲ." ಈ ಮಾತು ಎಲ್ಲೋ ಕೇಳಿದಂತಿದೆಯಲ್ಲವೇ? ಮೇಷ್ಟ್ರುಗಳು ಸಿಡಿದೆದ್ದರು. ಆ ಸಂಸ್ಥೆಯ ಶಾಲೆಗಳಿಂದ ಶಿಕ್ಷಕರೂ ಮಕ್ಕಳೂ ಹೊರನಡೆದರು. ಕೂಗಿ ಸುಮ್ಮನಾಗಲಿಲ್ಲ, ಬೇರೆ ಹೀಬ್ರೂ ಶಾಲೆಗಳನ್ನೇ ತೆರೆದರು! 1914ರ ಫೆಬ್ರವರಿಯಲ್ಲಿ ಆಡಳಿತ ಮಂಡಳಿ ಮಣಿಯಿತು. ಯುದ್ಧದಿಂದ ತಡವಾಗಿ 1924ರಲ್ಲಿ ಪಾಠ ಆರಂಭವಾದಾಗ ಇಂಜಿನಿಯರಿಂಗ್ ಹೀಬ್ರೂನಲ್ಲೇ ನಡೆಯಿತು. ಅದೇ ಇಂದಿನ ಟೆಕ್ನಿಯಾನ್.

ಹೈಫಾ ನಮಗೆ ಪರ ಊರಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಆ ಊರನ್ನು ಗೆದ್ದವರು ನಮ್ಮ ಮೈಸೂರು ಲ್ಯಾನ್ಸರ್ಸ್. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗುವವರು ಒಮ್ಮೆ ಇಳಿದು ನೋಡಿ.

1922ರಲ್ಲಿ ಬ್ರಿಟಿಷರು ಹೀಬ್ರೂವಿಗೆ ಇಂಗ್ಲಿಷ್, ಅರಬ್ಬಿಗಳ ಜೊತೆ ಆಡಳಿತ ಭಾಷೆಯ ಸ್ಥಾನ ಕೊಟ್ಟರು. 1948ರಲ್ಲಿ ಇಸ್ರೇಲ್ ಹುಟ್ಟಿದಾಗ ಅಲ್ಲಿದ್ದ ಯಹೂದಿಗಳು ಸುಮಾರು ಆರೂವರೆ ಲಕ್ಷ. 1951ರ ಕೊನೆಯೊಳಗೆ ಬಂದಿಳಿದವರು ಅದಕ್ಕಿಂತ ಹೆಚ್ಚು! ಹತ್ತಾರು ನುಡಿಯ ಆ ಜನರಿಗಾಗಿ 1949ರಲ್ಲಿ 'ಉಲ್ಪಾನ್' ಎಂಬ ಭಾಷಾ ಶಾಲೆ ಶುರುವಾಯಿತು. ಡಾಕ್ಟರಾಗಲಿ ಕೂಲಿಯಾಗಲಿ, ಅಲ್ಲಿ ಕೂತು ಕಲಿತರು. ವಲಸೆ ಬಂದವನನ್ನು ಬೈಯಲಿಲ್ಲ, ಅವನಿಗೆ ಭಾಷೆ ಕಲಿಸಿದರು!

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಆ ಒಗ್ಗಟ್ಟಿನ ಭರಾಟೆಯಲ್ಲಿ ಯಿಡ್ಡಿಷ್ ಆಡುವವರನ್ನು ಹೀಯಾಳಿಸಿದರು. 1948ರ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. 2018ರ ಕಾನೂನು ಅರಬ್ಬಿಯ ಅಧಿಕೃತ ಸ್ಥಾನವನ್ನೇ ಕಿತ್ತುಕೊಂಡಿತು. ಭಾಷೆಯ ನೋವು ತಿಂದ ನಮಗೆ ಇದು ಅರ್ಥವಾಗಬೇಕು. ಇನ್ನೊಬ್ಬರ ನಾಲಿಗೆ ಕಟ್ಟುವುದು ಒಗ್ಗಟ್ಟಲ್ಲ.

ಹಾಗಾದರೆ ಕಲಿಯಬೇಕಾದ್ದೇನು? ಅವರು ಜಗಳ ಬಿಟ್ಟು ಒಂದಾಗಲಿಲ್ಲ. ಜಗಳವಾಡುತ್ತಲೇ ಒಂದು ಕೆಲಸಕ್ಕೆ ಕೂಡಿದರು. ಶಾಲೆ ಕಟ್ಟಿದರು, ಪದ ಕಟ್ಟಿದರು, ಬಂದವರಿಗೆ ಕಲಿಸಿದರು. ಬಲ ಬಂದದ್ದು ಘೋಷಣೆಯಿಂದಲ್ಲ, ಈ ದುಡಿಮೆಯಿಂದ.

ನಾವು ಬಣ ಬಣವಾಗಿ ಒಡೆದಿದ್ದೇವೆ, ನಿಜ. ಬಾವುಟಗಳು ಬೇರೆ ಇರಲಿ. ನಿಮ್ಮ ಬೀದಿಯ ಕನ್ನಡ ಶಾಲೆಯ ಬಾಗಿಲಲ್ಲಾದರೂ ಎಲ್ಲ ಬಣಗಳೂ ಒಟ್ಟಿಗೆ ನಿಲ್ಲಲಿ. ಕನ್ನಡ ಬಾರದ ಪಕ್ಕದ ಮನೆಯವನಿಗೆ ನೀವೇ ಮೇಷ್ಟ್ರಾಗಿ!

ಸಿರಿಗನ್ನಡಂ ಗೆಲ್ಗೆ!