ಪದಗಳ ಸೇವೆಯಲ್ಲಿ ಒಬ್ಬ ಉಪಾಧ್ಯಾಯರು



ಶತಮಾನೋತ್ಸವದ ಈ ಸುಸಂದರ್ಭದಲ್ಲಿ ನಮ್ಮ ದೇವಾಲಯವನ್ನು ಕಟ್ಟಿದವರನ್ನೂ ಇಲ್ಲಿನ ಮಕ್ಕಳಿಗೆ ಅಕ್ಷರ ಕಲಿಸಿದವರನ್ನೂ ಸ್ಮರಿಸುತ್ತಿದ್ದೇವೆ. ದೂರದೇಶದ ಅಂಥದೇ ಒಬ್ಬ ಉಪಾಧ್ಯಾಯರ ಜೀವನವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಫ್ರಾನ್ಸಿನ ಲುವಾರ್ ನದೀತೀರದಲ್ಲಿ ಓರ್ಲೆಯಾನ್ ನಗರವಿದೆ. 1429ರಲ್ಲಿ ಸಂತ ಜೋನ್ ಆಫ್ ಆರ್ಕ್ ಶತ್ರುಗಳ ಮುತ್ತಿಗೆಯಿಂದ ಬಿಡಿಸಿದ ನಗರವದು. 1833ರಲ್ಲಿ ಅಲ್ಲಿ ಜನಿಸಿದ ಅನಾತೋಲ್ ಬಾಯ್ಯಿಯವರು ಪ್ಯಾರಿಸ್ಸಿನ ಉನ್ನತ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿದರು. ಆ ಬಳಿಕ ಹುಟ್ಟೂರಿನ ಶಾಲೆಯಲ್ಲಿಯೇ ಬಹುಕಾಲ ಬಾಲಕರಿಗೆ ಪಾಠ ಹೇಳಿದರು. ಭಾಷಾವಿಜ್ಞಾನಿ ಮಿಷೆಲ್ ಬ್ರೆಯಾಲ್ ಅವರೊಡಗೂಡಿ, ಲ್ಯಾಟಿನ್ ಮತ್ತು ಗ್ರೀಕ್ ಪದಗಳನ್ನು ಅರ್ಥಕ್ಕೂ ಮೂಲಕ್ಕೂ ಅನುಗುಣವಾಗಿ ಜೋಡಿಸಿದ ಪಠ್ಯಗಳನ್ನು ರಚಿಸಿದರು.

ಅವರ ಮಹಾಕೃತಿ ಗ್ರೀಕ್-ಫ್ರೆಂಚ್ ನಿಘಂಟು. ಇದರಲ್ಲಿ ನೆರವಾದ ಎಮಿಲ್ ಎಗ್ಗೆರ್ ಎಂಬ ವಿದ್ವಾಂಸರು 1885ರಲ್ಲಿ ನಿಧನರಾದರು. ಬಾಯ್ಯಿಯವರು ಧೃತಿಗೆಡದೆ ಕಾರ್ಯವನ್ನು ಮುಂದುವರಿಸಿದರು. ಎರಡು ಸಾವಿರಕ್ಕೂ ಮೀರಿದ ಪುಟಗಳ ಆ ಗ್ರಂಥ 1895ರಲ್ಲಿ ಹೊರಬಂದಿತು. ಅದನ್ನು ರಚಿಸಿದ್ದು ಪಂಡಿತರಿಗಾಗಿ ಅಲ್ಲ, ಶಾಲಾ ವಿದ್ಯಾರ್ಥಿಗಳಿಗಾಗಿ. 1901ರಲ್ಲಿ ಅದರ ಸಂಕ್ಷಿಪ್ತ ರೂಪವನ್ನೂ ಕೊಟ್ಟರು. 1911ರಲ್ಲಿ ಅವರು ತೀರಿಕೊಂಡರು. 1950ರಲ್ಲಿ ಸೆಶಾನ್ ಮತ್ತು ಶಾಂತ್ರೇನ್ ಎಂಬ ವಿದ್ವಾಂಸರು ನಿಘಂಟನ್ನು ಪರಿಷ್ಕರಿಸಿದರು. 2020ರಲ್ಲಿ ಅದು ಗಣಕಯಂತ್ರದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುವಂತಾಯಿತು.

ಗುರುಮಠದಲ್ಲಿ ಗ್ರೀಕ್ ಕಲಿಯುವಾಗ ನಿಘಂಟು ತೆರೆಯುವುದೆಂದರೆ ನನಗೆ ಬೇಸರ. ಮೊದಲ ಅರ್ಥ ಸಿಕ್ಕೊಡನೆ ಪುಸ್ತಕ ಮುಚ್ಚುತ್ತಿದ್ದೆ. ಅದೆಷ್ಟು ದೊಡ್ಡ ತಪ್ಪೆಂದು ಒಂದೇ ಪದ ತಿಳಿಸಿಕೊಟ್ಟಿತು: 'ಎವಾಂಗೆಲಿಯೋನ್'. ಹೋಮರನ ಕಾವ್ಯದಲ್ಲಿ ಅದು ಒಳ್ಳೆಯ ಸುದ್ದಿ ತಂದ ದೂತನಿಗೆ ಸಲ್ಲುವ ಬಹುಮಾನ. ಕಾಲಾನಂತರ ಆ ಸುದ್ದಿಗೇ ಅದು ಹೆಸರಾಯಿತು. ಹೊಸ ಒಡಂಬಡಿಕೆಯಲ್ಲಿ ಅದೇ ಪದ ನಮ್ಮ ರಕ್ಷಣೆಯ ಶುಭಸಂದೇಶ. ದೂತನ ಕೈಗೆ ಬರುತ್ತಿದ್ದ ಬಹುಮಾನ ಕೇಳುವವನ ಪಾಲಾಯಿತು! ಪೀಠದ ಬಳಿ ಶುಭಸಂದೇಶವನ್ನು ಓದುವಾಗಲೆಲ್ಲ ಇದು ನನ್ನ ನೆನಪಿಗೆ ಬರುತ್ತದೆ. ಸಾರುವವನು ಪ್ರತಿಫಲ ಬಯಸಬಾರದೆಂದು ಮನಸ್ಸು ಎಚ್ಚರಿಸುತ್ತದೆ.

ಒಂದೊಂದು ಅರ್ಥವನ್ನೂ ಯಾವ ಲೇಖಕ ಬಳಸಿದನೆಂದು ಗುರುತಿಸಿ ಬರೆಯುವ ನಿಘಂಟುಕಾರನ ತಾಳ್ಮೆ ಇಲ್ಲದಿದ್ದರೆ ಇಂಥ ಬೆಳಕು ನಮಗೆಲ್ಲಿ ದೊರೆಯುತ್ತಿತ್ತು?

ತಂದೆತಾಯಂದಿರೇ, ತಮ್ಮ ಮನೆಯಲ್ಲಿ ಜಪಸರ, ಬೈಬಲ್ಲುಗಳ ಜೊತೆಗೆ ಒಂದು ಕನ್ನಡ ನಿಘಂಟೂ ಇರಲಿ. ನಮಗೆ ಅಕ್ಷರ ಕಲಿಸಿ ಅಗಲಿದ ಉಪಾಧ್ಯಾಯರನ್ನು ಇಂದಿನ ಬಲಿಪೂಜೆಯಲ್ಲಿ ಹೆಸರು ಹೇಳಿ ಸ್ಮರಿಸೋಣ. ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ.